ವ್ರತ ಹಿಡಿದ ತೋಳ

ನಮ್ಮ ಕಡೆಯ ಮದುವೆಗಳಲ್ಲಿ ಊಟ ಮುಗಿದು ಗಂಡಸರು ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕುಳಿತಾಗ ನನ್ನ ದೊಡ್ಡಪ್ಪನ ಮಗ ಒಂದು ಕತೆ ಹೇಳುತ್ತಾನೆ. ಅದರಲ್ಲಿ ನಾನು ತೋಳಕ್ಕಾಗಿ ಅತ್ತ ಹುಡುಗಿ. ‘ಖರೇ ತ್ವಾಳ ಅಲ್ರಿ, ಕಾಗದದ್ದು!’ ಎಂದು ಅಂಗೈ ಅಗಲಿಸಿ ತೋರಿಸುತ್ತಾನೆ. ಆಮೇಲೆ ಎರಡೂ ಕಣ್ಣು ಒರೆಸಿಕೊಳ್ಳುವ ನಟನೆ. ಬೀಗರು ನಗುತ್ತಾರೆ. ಅವನ ಹೆಂಡತಿ ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಪ್ರತಿ ಮದುವೆಗೂ ಕತೆ ಸ್ವಲ್ಪ ಚಿಕ್ಕದಾಗಿದೆ, ಸ್ವಲ್ಪ ನುಣುಪಾಗಿದೆ. ಈಗ ಅದರಲ್ಲಿ ಕೈಗೆ ತಾಗುವ ಒಂದು ಮೂಲೆಯೂ ಉಳಿದಿಲ್ಲ.

ನಾನು ಅತ್ತಿರಲಿಲ್ಲ. ಅಷ್ಟು ಖಚಿತ. ಉಳಿದದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ತಿಳಿಯದ ಕಡೆ ತಿಳಿಯದು ಎನ್ನುತ್ತೇನೆ. ನನ್ನ ನೆನಪು ಅವನದಕ್ಕಿಂತ ಪ್ರಾಮಾಣಿಕ ಎಂದು ವಾದಿಸುವುದಿಲ್ಲ. ಅದಕ್ಕೆ ಸಿಟ್ಟು ಹೆಚ್ಚು, ಅಷ್ಟೇ.

ದೊಡ್ಡಪ್ಪನ ಆ ಮಗ, ದಾದಾ, ಆಗ ಮಿರಜದಲ್ಲಿ ಡಾಕ್ಟರಿಕೆ ಓದುತ್ತಿದ್ದ. ಮನೆಯ ಮಕ್ಕಳೆಲ್ಲ ಅವನನ್ನು ದಾದಾ ಎಂದೇ ಕರೆಯಬೇಕಿತ್ತು. ನಾನು ಸಾಂಗ್ಲಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಲಿಂಗನೂರಿನ ಹೊಲವನ್ನು ಪಾಲಿಗೆ ಕೊಟ್ಟು ಅರಿಶಿನದ ಅಡತಿ ವ್ಯಾಪಾರಕ್ಕೆ ಸಾಂಗ್ಲಿ ಸೇರಿದ ಜೈನರ ಮನೆ ನಮ್ಮದು. ದೊಡ್ಡಪ್ಪ, ನನ್ನ ಅಪ್ಪ, ಇಬ್ಬರ ಸಂಸಾರ, ಎಲ್ಲರ ಮೇಲೆ ಆಯಿ, ಅಂದರೆ ಅಪ್ಪನ ತಾಯಿ. ಆ ವರ್ಷಗಳಲ್ಲಿ ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯ ಎರಡೂ ಬದಿಯ ಹೊಲಗಳು ಒಂದೊಂದಾಗಿ ಪ್ಲಾಟುಗಳಾಗುತ್ತಿದ್ದವು. ಇಂಜಿನಿಯರಿಂಗ್ ಓದಲು ಹೊರಗಿನ ಹುಡುಗರು ಬಂದು ತುಂಬುತ್ತಿದ್ದರು. ಅವರಿಗೆ ಬಾಡಿಗೆಗೆ ಕೊಡಲೆಂದು ದೊಡ್ಡಪ್ಪ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿದ್ದ. ಗೋಡೆಯ ಗಿಲಾವು ಇನ್ನೂ ಹಸಿಯಾಗಿತ್ತು, ಕಿಟಕಿಗೆ ಗಾಜು ಬಂದಿರಲಿಲ್ಲ, ಕೇಬಲ್ ಟಿವಿಯವನು ಮಾತ್ರ ಆಗಲೇ ವೈರು ಎಳೆದು ಹೋಗಿದ್ದ. ಆ ಕೋಣೆಯಲ್ಲಿ ಚಾಪೆ ಹಾಸಿ ದಾದಾ ರವಿವಾರದ ಆಟ ಶುರು ಮಾಡಿದ.

ಆಟ ತಂದವನು ಅವನ ಹಾಸ್ಟೆಲಿನ ಗೆಳೆಯ, ಪುಣೆಯವನು. ಹೊರದೇಶದಿಂದ ಯಾರೋ ತಂದಿದ್ದ ಪುಸ್ತಕದ ಝೆರಾಕ್ಸು ಅವನ ಬಳಿ ಇತ್ತು. ಅದರ ಚಿತ್ರಗಳೆಲ್ಲ ಮಸಿಯ ಗುಡ್ಡೆಗಳಾಗಿದ್ದವು. ಈ ಆಟಕ್ಕೆ ಪಟವಿಲ್ಲ, ಕಾಯಿಗಳಿಲ್ಲ. ಒಬ್ಬ ಕಾಡು, ಕೋಟೆ, ರಾಕ್ಷಸರನ್ನು ಬಾಯಿಯಲ್ಲೇ ಕಟ್ಟುತ್ತಾ ಹೋಗುತ್ತಾನೆ. ಅದು ಪುಣೆಯವನ ಕೆಲಸ. ಉಳಿದವರು ಆ ಕಾಡಿನೊಳಗೆ ಒಬ್ಬೊಬ್ಬ ಮನುಷ್ಯರಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಇಪ್ಪತ್ತು ಮುಖದ ದಾಳ ನಮ್ಮಲ್ಲಿ ಎಲ್ಲಿ ಸಿಗಬೇಕು? ಮೂರನೆಯ ಆಟಗಾರ ಮಿರಜ ಪೇಟೆಯ ಲಿಂಗಾಯತ ಕಿರಾಣಿ ವ್ಯಾಪಾರಿಯ ಮಗ. ಅವನು ತಮ್ಮ ಓಣಿಯ ಹತ್ತಿರ ಸಿತಾರು ಮಾಡುವವರಲ್ಲಿ ಮೂಳೆಯ ದಾಳ ಕೆತ್ತಿಸಿ ತರುತ್ತೇನೆಂದ. ದಾದಾ ತಾನು ಮೂಳೆ ಮುಟ್ಟುವುದಿಲ್ಲ ಎಂದ. ಕಾಲೇಜಿನಲ್ಲಿ ಮನುಷ್ಯರ ತೊಡೆಮೂಳೆ ಕೈಯಲ್ಲಿ ಹಿಡಿದು ಪರೀಕ್ಷೆಗೆ ಓದುತ್ತಿದ್ದವನು ಇದನ್ನು ನಗದೆ ಹೇಳಿದ. ಕಡೆಗೆ ಅಡಿಕೆಯ ಡಬ್ಬಿಯೊಂದರಲ್ಲಿ ಅಂಕಿ ಬರೆದ ಚೀಟಿಗಳನ್ನು ಹಾಕಿಕೊಂಡರು.

ಮೂಳೆಯ ಮಾತು ಆಯಿಯ ಕಿವಿಗಾಗಿ ಆಡಿದ್ದು ಎಂದು ಈಗ ಅನ್ನಿಸುತ್ತದೆ. ನಮ್ಮ ಮನೆಗೆ ಆನೆ, ಕುದುರೆ ಆಕಾರದ ಬಿಸ್ಕೀಟು ಬರುತ್ತಿರಲಿಲ್ಲ. ಸಕ್ಕರೆಯ ಗೊಂಬೆಗಳಲ್ಲಿ ಹೂವಿನ ಆಕಾರದ್ದು ತಿನ್ನಬಹುದು, ಗಿಳಿಯದು ತಿನ್ನಬಾರದು. ಗಿಳಿ ಎಂದು ತಿಳಿದೂ ಅದರ ಕುತ್ತಿಗೆ ಮುರಿದರೆ ಮನಸ್ಸಿನಲ್ಲಿ ಕೊಂದ ಹಾಗೆ, ಅದು ಸಂಕಲ್ಪ ಹಿಂಸೆ, ಎಂದು ಆಯಿ ಹೇಳುತ್ತಿದ್ದಳು. ಹಾಗಿರುವಾಗ ಮೇಲಿನ ಕೋಣೆಯಿಂದ ‘ಕಡಿ’, ‘ಕೊಲ್ಲು’ ಎಂಬ ಮಾತು ಕೇಳಿ ಬಂದ ಮೊದಲ ರವಿವಾರವೇ ಅವಳು ದಾದಾನನ್ನು ಹಿಡಿದು ನಿಲ್ಲಿಸಿದಳು.

‘ಕುಂತ ಜಾಗಾದಾಗ ಮಂದೀನ ಕೊಲ್ತೀರಂತಲ್ಲೋ?’

‘ಅವ್ರು ಕೊಲ್ತಾರ್ರಿ ಆಯಿ, ನಾ ಅಲ್ಲ. ನನ್ನ ಮನುಷ್ಯಾ ವ್ರತಸ್ಥ ಅದಾನ. ಕೈಯಾಗ ಕತ್ತಿ ಸುದ್ದಾ ಹಿಡ್ಯೂದಿಲ್ಲ. ಹೊತ್ತು ಮುಣುಗಿದ ಮ್ಯಾಲ ಉಣ್ಣೂದಿಲ್ಲ.’

‘ನೀರು?’

‘ಸೋಸಿ ಕುಡೀತಾನ್ರಿ.’

ಆಯಿಗೆ ಸಮಾಧಾನವಾಯಿತು. ಪುಣೆಯವನು ರಾಕ್ಷಸರ ಕಾಡಿನಲ್ಲಿ ನೀರು ಸೋಸುವ ಬಟ್ಟೆ ಹಿಡಿದು ನಡೆಯುವ ಮನುಷ್ಯನನ್ನು ಒಪ್ಪಿಕೊಂಡ. ಮುಂದಿನ ವಾರ ದಾದಾ ಅವನ ಹತ್ತಿರ ಒಂದು ಹುಲಿ ಕೇಳಿದ.

ಕೇಳಿದ್ದು ಸ್ಪಷ್ಟವಾಗಿಯೇ. ತನ್ನ ಮನುಷ್ಯ ಕೊಲ್ಲುವುದಿಲ್ಲ, ಆದರೆ ಅವನ ಜೊತೆ ಇರುವ ಪ್ರಾಣಿಗೆ ಕೊಲ್ಲುವುದು ಸ್ವಭಾವ, ಸ್ವಭಾವಕ್ಕೆ ಪಾಪವಿಲ್ಲ. ಹುಲಿಯನ್ನು ಈಗಲೇ ಕೊಡಲಾಗದು, ತೋಳ ತಗೋ ಎಂದ ಪುಣೆಯವನು. ಕೆಲವು ವಾರ ಆ ತೋಳವನ್ನು ದಾದಾನೇ ಆಡಿಸಿದ. ಅದು ಬರಿ ಪ್ರಾಣಿ. ಕಲಿಸಿದ ನಾಲ್ಕು ಮಾತು ಬಿಟ್ಟರೆ ಅದಕ್ಕೇನೂ ತಿಳಿಯದು, ಬೆಂಕಿ ಕಂಡರೆ ಓಡುತ್ತದೆ, ಪ್ರತಿ ಹುಕುಮಿಗೂ ಚೀಟಿ ಎತ್ತಬೇಕು. ದಾದಾ ಸಿಡಿಮಿಡಿಗೊಂಡ. ಮಿರಜದವನ ಮನುಷ್ಯ ಆಟದಲ್ಲಿ ಮಂತ್ರವಾದಿ. ಅವನು ‘ತಡಿ, ಅದಕ್ಕ ಬುದ್ಧಿ ಹಾಕ್ತೇನಿ’ ಎಂದು ಮಂತ್ರ ಹಾಕಿದ. ಬಂದ ಬುದ್ಧಿ ಎಷ್ಟು ಎಂದು ನೋಡಲು ಚೀಟಿ ಎತ್ತಿದರೆ ದಾದಾನ ಮನುಷ್ಯನ ಬುದ್ಧಿಗಿಂತ ದೊಡ್ಡ ಅಂಕಿ ಬಂತು.

‘ಹಾ ತುಝ್ಯಾಪೇಕ್ಷಾ ಹುಶಾರ್ ಆಹೇ ರೇ!’ ಎಂದು ಪುಣೆಯವನು ಚಾಪೆ ಬಡಿದು ನಕ್ಕ. ಇದು ನಿನಗಿಂತ ಜಾಣ ತೋಳ.

ಜಾಣ ಪ್ರಾಣಿ ಒಡೆಯನ ಕೈಯಲ್ಲ, ಅದಕ್ಕೆ ಅದರದೇ ಮನಸ್ಸು ಇರುತ್ತದೆ, ಆದ್ದರಿಂದ ಅದನ್ನು ಬೇರೊಬ್ಬರು ಆಡಬೇಕು ಎಂದು ಝೆರಾಕ್ಸು ತಿರುವಿ ಹೇಳಿದವನೂ ಪುಣೆಯವನೇ. ಅದು ಹಾಳೆಯಲ್ಲಿತ್ತೋ ಅವನೇ ಕಟ್ಟಿದನೋ ತಿಳಿಯದು. ನಾನು ಚಹಾ ತಂದಿದ್ದೆ. ಮೂವರೂ ನನ್ನ ಕಡೆ ನೋಡಿದರು.

ಚಹಾ ತಂದಿದ್ದರಿಂದಲೇ ನಾನು ಆಟಕ್ಕೆ ಬಂದೆ ಎಂದು ಬರೆದರೆ ಚೆನ್ನಾಗಿ ಕೂಡುತ್ತದೆ, ಅದಕ್ಕೇ ಅದು ಪೂರ್ತಿ ನಿಜವಲ್ಲ. ನಾನು ಅದಕ್ಕೂ ಮೊದಲು ಎಷ್ಟೋ ರವಿವಾರ ಆ ಕೋಣೆಯ ಬಾಗಿಲಲ್ಲಿ ಬಟ್ಟಲು ಹಿಡಿದು ಬೇಕೆಂದೇ ತಡಮಾಡುತ್ತಿದ್ದೆ. ಆ ಚಾಪೆಯ ಮೇಲೆ ನನ್ನದೂ ಒಂದು ಜಾಗ ಬೇಕಿತ್ತು. ಕೆಳಗೆ ನನಗೆ ಗಂಡು ಹುಡುಕುವ ಮಾತು ನಡೆದಿತ್ತು. ಮೇಲೆ ಒಂದು ಕಾಡಿತ್ತು, ಅದರಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದಿತ್ತು. ನನಗೆ ತೋಳ ಸಿಕ್ಕಿತು. ಬೇಡ ಎನ್ನಲಿಲ್ಲ.

ಎರಡು ಷರತ್ತು ಬಂದವು. ಗಂಡು ಹುಡುಗರ ನಡುವೆ ನಾನು ಕೂರುವುದಾದರೆ ಆಯಿ ಮೆಟ್ಟಿಲ ತುದಿಯಲ್ಲಿ ಕುಳಿತಿರಬೇಕು, ಇದು ಕೆಳಗಿನದು. ತೋಳಕ್ಕೆ ಮಾತು ತಿಳಿಯುತ್ತದೆ, ಆದರೆ ಆಡಲು ಬರುವುದಿಲ್ಲ, ಆದ್ದರಿಂದ ಆಟ ಮುಗಿಯುವವರೆಗೆ ನಾನು ಬಾಯಿ ಬಿಡಬಾರದು, ಇದು ಮೇಲಿನದು. ಹೌದು ಎನ್ನಲು ನೆಲಕ್ಕೆ ಒಮ್ಮೆ ಬಡಿಯಬೇಕು, ಇಲ್ಲ ಎನ್ನಲು ಎರಡು ಸಲ.

‘ಹೆಂಗಿದ್ರೂ ಛಲೋ ಆತು ಬಿಡು’ ಎಂದ ಮಿರಜದವನು. ‘ಈ ಮನ್ಯಾಗ ಒಬ್ಬಾಕಿ ಸುಮ್ನ ಕುಂತಳು.’

ಆಟ ನಡೆಯುತ್ತಿದ್ದದ್ದು ಮರಾಠಿಯಲ್ಲಿ. ತೋಳಕ್ಕೆ ಮಾತ್ರ ದಾದಾ ಕನ್ನಡ ಮಾತಾಡುತ್ತಿದ್ದ. ಹಿಡಿ. ಬಿಡು. ಬಾ. ಅಲ್ಲೇ ಕುಂದ್ರು. ಅವನಲ್ಲಿ ಉಳಿದಿದ್ದ ಕನ್ನಡವೇ ಅಷ್ಟು, ಮನೆಯ ಹೆಂಗಸರಿಗೂ ಲಿಂಗನೂರಿನ ಎತ್ತುಗಳಿಗೂ ಹೇಳಲು ಸಾಕಾಗುವಷ್ಟು. ಪುಣೆಯವನು ಹುಕುಮಿನ ಅರ್ಥ ಕೇಳುತ್ತಿದ್ದ, ದಾದಾ ಮರಾಠಿಯಲ್ಲಿ ಹೇಳುತ್ತಿದ್ದ, ನಾನು ಒಮ್ಮೆ ಬಡಿಯುತ್ತಿದ್ದೆ, ಚೀಟಿ ಎತ್ತಿದರೆ ಯಾರೋ ಸಾಯುತ್ತಿದ್ದರು. ಕುಳ್ಳ ರಾಕ್ಷಸರು, ದಾರಿಗಳ್ಳರು, ಸೇತುವೆ ಕಾಯುವವರು. ದಾದಾನ ಮನುಷ್ಯ ಮರದಡಿ ನಿಂತು ನೋಡುತ್ತಿದ್ದ. ಕೆಲಸ ಮುಗಿದ ಮೇಲೆ ತೋಳದ ತಲೆ ಸವರುತ್ತಿದ್ದ. ಹಾಗೆಂದು ಹೇಳುವಾಗ ದಾದಾನ ಕೈ ನಿಜವಾಗಿಯೂ ನನ್ನ ತಲೆಗೆ ಬರುತ್ತಿತ್ತು. ಮೊದಲ ಸಲ ನಾನು ತಲೆ ಎಳೆದುಕೊಂಡೆ. ಎರಡನೆಯ ಸಲ ಎಳೆದುಕೊಳ್ಳಲಿಲ್ಲ. ಯಾಕೆಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಉತ್ತರವೆಂದು ಬಂದದ್ದೆಲ್ಲ ಮಂಜೂರಾಗಲೆಂದೇ ಬರೆದ ಅರ್ಜಿಯಂತಿದೆ.

ಹೀಗೇ ಬೇಸಿಗೆ ಬಂತು. ಆಯಿ ಮೆಟ್ಟಿಲ ಮೇಲೆ ಹತ್ತಿ ಬತ್ತಿ ಹೊಸೆಯುತ್ತಾ ಕೂರುತ್ತಿದ್ದಳು. ಕೇಳುತ್ತಿಲ್ಲ ಎಂದು ನಾವು ತಿಳಿದಿದ್ದೆವು. ಒಂದು ರವಿವಾರ ಬತ್ತಿಯ ಡಬ್ಬಿ ಮುಚ್ಚಿ ಒಳಗೆ ಬಂದು ನಿಂತಳು.

‘ಅಲ್ಲೋ, ಮುಂಜಾನಿಂದ ಹೆಣಾ ಬೀಳಾಕತ್ತಾವು. ಕೊಲ್ಲಾವ್ರು ಯಾರು?’

‘ತ್ವಾಳ್ರಿ ಆಯಿ’ ಎಂದ ದಾದಾ.

‘ತ್ವಾಳ ಯಾರು?’

ದಾದಾ ನನ್ನ ಕಡೆ ನೋಡಿದ. ಪುಣೆಯವನಿಗೆ ಕನ್ನಡ ತಿಳಿಯದು, ಆದರೂ ಅವನೂ ನನ್ನನ್ನೇ ನೋಡಿದ. ಮಿರಜದವನು ಕೆಮ್ಮಿದ. ನಾನು ಬಾಯಿ ತೆರೆಯುವಂತಿರಲಿಲ್ಲ.

ಮರುದಿನ ಸೋಮವಾರ ನನ್ನ ಬೆಳಗಿನ ತಟ್ಟೆ ಬರಲಿಲ್ಲ. ಕೊಂದದ್ದಕ್ಕೆ ಒಪ್ಪತ್ತು ಎಂದಳು ಆಯಿ. ದಿನಕ್ಕೆ ಒಂದೇ ಊಟ. ಇನ್ನು ಮುಂದೆ ರವಿವಾರ ತೋಳ ಕೊಂದರೆ ಸೋಮವಾರ ನನಗೆ ಒಪ್ಪತ್ತು. ಮಾಡಿದವರಿಗೆ, ಮಾಡಿಸಿದವರಿಗೆ, ಹೌದೌದು ಎಂದವರಿಗೆ ಮೂವರಿಗೂ ಪಾಪ ಸಮ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದವಳು ಇವಳೇ. ಅದನ್ನೇ ಕೇಳಿದೆ.

‘ಮಾಡಿಸಿದಾಂವಗಿಲ್ಲೇನ್ರಿ ಆಯಿ ಒಪ್ಪತ್ತು?’

‘ಅವಂದು ಪರೀಕ್ಷಾ ಐತಿ. ಹಸದ ಹೊಟ್ಟಿಲೆ ಓದ್ಲಿಕ್ಕ ಆಕ್ಕೈತೇನ?’

ನನ್ನದೂ ಪರೀಕ್ಷೆ ಇತ್ತು. ಅದನ್ನು ಹೇಳಿದೆ ಎಂದೇ ನನ್ನ ನೆನಪು. ಅವ್ವ ಒಲೆಯ ಮುಂದೆ ಕುಳಿತು ಹಿಟ್ಟು ಕಲಸುತ್ತಿದ್ದಳು, ತಲೆ ಎತ್ತಲಿಲ್ಲ ಎಂದೂ ನೆನಪು. ಎರಡರಲ್ಲಿ ಒಂದು ನಾನು ಆಮೇಲೆ ಸೇರಿಸಿದ್ದು.

ದಾದಾನಿಗೆ ವಿಷಯ ಗೊತ್ತಾದಾಗ ಅವನು ತುಂಬಾ ಖುಷಿಪಟ್ಟ. ಅವನ ಮನುಷ್ಯನ ಲೆಕ್ಕಾಚಾರ ಆಯಿಯ ಅಡುಗೆಮನೆಯಲ್ಲೂ ಸರಿ ಹೊಂದಿತ್ತು. ‘ನೋಡು, ಪಾಪಾ ತ್ವಾಳಕ್ಕ ಹೋತು, ನನಗ ತಟ್ಟೂದಿಲ್ಲ’ ಎಂದು ಹಾಸ್ಟೆಲಿನಲ್ಲೆಲ್ಲ ಹೇಳಿಕೊಂಡು ಬಂದ. ರವಿವಾರ ಹುಕುಮು ಕೊಡುವ ಮುಂಚೆ ನನ್ನ ಕಡೆ ಬಾಗಿ, ‘ನಾಳಿಗಿ ಹಸಿವಿ ತಡೀತಿ ಏನು?’ ಎಂದು ಕೇಳಿ ಆಮೇಲೆ ‘ಹಿಡಿ’ ಎನ್ನುವುದನ್ನು ರೂಢಿ ಮಾಡಿಕೊಂಡ. ಮಿರಜದವನು ಒಂದೆರಡು ಸಲ ‘ಬಿಡೋ ಮಾರಾಯಾ’ ಎಂದ. ಹಾಗೆ ಎಂದು ಅವನೇ ಚೀಟಿ ಎತ್ತಿದ.

ಆಟ ಬಿಡುವುದು ನನ್ನ ಕೈಯಲ್ಲಿತ್ತು. ಬಿಟ್ಟರೆ ಜಾಗ ಹೋಗುತ್ತಿತ್ತು. ಇದ್ದರೆ ಅವನ ಕೈಯಾಗಿ ಇರಬೇಕಿತ್ತು. ಜಾಗವನ್ನೂ ಬಿಡದೆ ಅವನ ಕೈಯೂ ಆಗದೆ ಇರುವುದು ಹೇಗೆ ಎಂದು ನಾನು ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಸೋಮವಾರದ ಖಾಲಿ ಹೊಟ್ಟೆಯಲ್ಲಿ ಯೋಚಿಸಿದೆ. ಉತ್ತರ ಆಯಿಯ ಬಾಯಲ್ಲೇ ಇತ್ತು. ಮುನಿಗಳ ಮಾತು ಕೇಳಿ ಸಿಂಹ, ಆನೆಗಳು ಹಿಂಸೆ ಬಿಟ್ಟ ಕತೆಗಳನ್ನು ಅವಳು ಪರ್ಯೂಷಣ ಹಬ್ಬದ ದಿನಗಳಲ್ಲಿ ನಮಗೆ ಹೇಳುತ್ತಿದ್ದಳು. ಇರುವೆಗೆ ವ್ರತವಿಲ್ಲ. ಮನಸ್ಸಿರುವ ಪ್ರಾಣಿಗೆ ಇದೆ.

ಆ ರವಿವಾರ ಅವರು ಒಂದು ಕೋಟೆಯ ಬಾಗಿಲು ಕಾಯುವವನನ್ನು ಹಿಡಿದಿದ್ದರು. ಕೈಕಾಲು ಕಟ್ಟಿ ಹಾಕಿದ್ದರು. ಅವನನ್ನು ಬಿಟ್ಟು ಹೋದರೆ ಕೂಗುತ್ತಾನೆ, ಕೋಟೆಯೆಲ್ಲ ಎಚ್ಚರವಾಗುತ್ತದೆ. ದಾದಾ ಗೋಡೆಗೆ ಒರಗಿ, ಚಹಾದ ಬಸಿ ಕೈಯಲ್ಲಿ ಹಿಡಿದೇ, ನನ್ನ ಕಡೆ ನೋಡದೆ ಹೇಳಿದ.

‘ಮುಗಸು.’

ನಾನು ಎರಡು ಸಲ ಬಡಿದೆ.

‘ಏ, ತಪ್ಪಿ ಬಡದಿ ನೋಡು.’

ಮತ್ತೆ ಎರಡು ಸಲ ಬಡಿದೆ.

ದಾದಾ ಬಸಿ ಕೆಳಗಿಟ್ಟ. ಹುಕುಮಿಗೆ ಚೀಟಿ ಎತ್ತುತ್ತೇನೆ ಎಂದು ಡಬ್ಬಿಗೆ ಕೈ ಹಾಕಿದ. ಪುಣೆಯವನು ಡಬ್ಬಿಯ ಮೇಲೆ ಅಂಗೈ ಇಟ್ಟ. ಬುದ್ಧಿಯಿಲ್ಲದ ಪ್ರಾಣಿಯನ್ನು ಚೀಟಿಯಿಂದ ಓಡಿಸಬಹುದು, ಬುದ್ಧಿಯಿದ್ದುದನ್ನು ಒಪ್ಪಿಸಬೇಕು ಎಂದು ಮರಾಠಿಯಲ್ಲಿ ಹೇಳಿದ. ‘ವಿಚಾರ್ ತಿಲಾ’ ಎಂದ. ಕೇಳು ಅವಳನ್ನು.

ದಾದಾ ಕೇಳಲಿಲ್ಲ. ಕೇಳಲು ಅವನಿಗೆ ಬರುತ್ತಿರಲಿಲ್ಲವೋ, ಮೂರು ಜನರ ಮುಂದೆ ಬೇಡವೆನ್ನಿಸಿತೋ. ‘ಹಿಡಿ’ ಎಂದ. ‘ಹಿಡಿ ಅಂದ್ನೆಲ್ಲಾ’ ಎಂದ. ಮೂರನೆಯ ಸಲ ಆ ದನಿ ಕೆಳಗಿನ ಅಂಗಳಕ್ಕೂ ಕೇಳಿಸಿರಬೇಕು.

ಮೆಟ್ಟಿಲಿಂದ ಆಯಿ ಕೂಗಿದಳು. ‘ಏನಾತ ಅಲ್ಲಿ?’

‘ತ್ವಾಳ ವಲ್ಲೆ ಅಂತೈತ್ರಿ ಆಯಿ’ ಎಂದ ಮಿರಜದವನು. ಅವನಿಗೆ ಮಜಾ ಬಂದಿತ್ತು.

ಆಯಿ ಎದ್ದು ಬಂದಳು. ಕಟ್ಟಿ ಹಾಕಿದ ಮನುಷ್ಯ ಎಲ್ಲಿದ್ದಾನೆ ಎಂದು ಕೇಳಿದಳು. ಮಿರಜದವನು ಚಾಪೆಯ ಮಧ್ಯೆ ಬೊಟ್ಟು ಮಾಡಿದ. ಅವಳು ಆ ಜಾಗವನ್ನು ದಾಟದೆ ಸುತ್ತು ಹಾಕಿ ನನ್ನ ಎದುರಿಗೆ ಬಂದಳು.

‘ಅದಕ್ಕ ಮನಸ್ಸು ಐತೇನು?’

‘ನಾವೇ ಹಾಕೇವ್ರಿ.’

‘ಹಂಗಾದ್ರ ಕೇಳ್ರಿ. ವ್ರತಾ ತಗೊಂಡೈತೇನು ಅದು?’

ನಾನು ಒಮ್ಮೆ ಬಡಿದೆ.

ಆಯಿ ನೆಲದ ಮೇಲಿದ್ದ ನನ್ನ ಕೈಯನ್ನು ನೋಡಿದಳು. ‘ವ್ರತಾ ಹಿಡದ ಪ್ರಾಣಿಗಿ ಕೊಲ್ಲು ಅನಬಾರ್ದು’ ಎಂದು ದಾದಾನಿಗೆ ಹೇಳಿದಳು. ‘ಪಾಪ ನಿನಗ ಬರತೈತಿ.’

‘ಆಟರಿ ಆಯಿ ಇದು! ಆಟ!’

‘ನೀರು ಸೋಸಿ ಕುಡೀತಾನಂದಾಗ ಆಟಿದ್ದಿಲ್ಲೇನು?’

ಪುಣೆಯವನಿಗೆ ಮಿರಜದವನು ಮಾತು ಮಾತೂ ಮರಾಠಿಗೆ ತಿರುಗಿಸಿ ಹೇಳುತ್ತಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದಾದಾ ನಗಲಿಲ್ಲ. ನಾನೂ ನಗಲಿಲ್ಲ. ಗೆದ್ದವಳಂತೆ ಕಾಣಬಾರದೆಂದು ಗೋಡೆಯ ಗಿಲಾವು ನೋಡುತ್ತಿದ್ದೆ. ದಾದಾ ಎದ್ದು ಚಪ್ಪಲಿ ಹಾಕಿಕೊಂಡ. ಹೊತ್ತು ಮುಳುಗುವುದಕ್ಕೆ ಇನ್ನೂ ಸಮಯವಿತ್ತು, ಆದರೂ ಆಟ ಅಲ್ಲಿಗೆ ನಿಂತಿತು. ಮೆಟ್ಟಿಲಿಳಿಯುವ ಮುಂಚೆ ನನ್ನ ಕಿವಿಯ ಹತ್ತಿರ ಬಾಗಿ, ‘ಭಾಳ ಶಾಣ್ಯಾಕಿ ಆಗೀದಿ. ನೋಡ್ತೇನಿ’ ಎಂದ.

ಮುಂದಿನ ರವಿವಾರ ಯಾರೂ ಬರಲಿಲ್ಲ. ಚಾಪೆ ಹಾಸಿಟ್ಟು ಕಾದೆ. ಅಂಗಡಿಗೆ ಅರಿಶಿನ ಒಯ್ಯಲು ಬಂದ ಮಿರಜದವನು ನನ್ನನ್ನು ಬಾಗಿಲಲ್ಲಿ ಕಂಡು ನಿಂತ. ಆಟ ಹಾಸ್ಟೆಲಿಗೆ ಹೋಗಿದೆ ಎಂದ. ಅಲ್ಲಿಗೆ ಹೆಂಗಸರು ಹೋಗುವಂತಿಲ್ಲ.

‘ತ್ವಾಳ?’ ಎಂದು ಕೇಳಿದೆ.

‘ದಾದಾನ ಆಡಸ್ತಾನ ಈಗ.’

‘ಕಟ್ಟಿಹಾಕಿದಾಂವ?’

ಅವನು ಬೆರಳಿಂದ ತನ್ನ ಗಂಟಲ ಮೇಲೆ ಗೆರೆ ಎಳೆದು ತೋರಿಸಿದ. ಆಮೇಲೆ, ‘ಸಿಟ್ಟಾಗಬ್ಯಾಡ ತಂಗಿ, ಅದೇನ್ ಖರೇನ?’ ಎಂದ. ಆ ತಂಗಿ ಎಂಬ ಮಾತಿಗೆ ನನಗೆ ಅವನನ್ನು ಅರಿಶಿನದ ಚೀಲದ ಮೇಲೆ ನೂಕಬೇಕೆನ್ನಿಸಿತು.

ನಾನು ಒಳಗೆ ಹೋಗಿ ಆಯಿಗೆ ಹೇಳಿದೆ. ದೂರು ಹೇಳುವುದು ನನ್ನ ಉದ್ದೇಶವಾಗಿತ್ತು, ಸುಳ್ಳಾಡುವುದಿಲ್ಲ. ಆದರೆ ಅವಳು ಮಾಡಿದ್ದನ್ನು ನಾನು ಎಣಿಸಿರಲಿಲ್ಲ. ವ್ರತ ತನ್ನ ಎದುರಿಗೆ ಆಗಿದೆ, ತಾನು ಸಾಕ್ಷಿ ಎಂದಳು. ಸಾಕ್ಷಿಯಾಗಿ ಸುಮ್ಮನಿದ್ದರೆ ಹೌದೌದು ಎಂದ ಪಾಪ ತನಗೆ. ಅದರ ಮುಂದಿನ ರವಿವಾರ ಮಧ್ಯಾಹ್ನದ ಊಟ ಮುಗಿಸಿ, ಮಿರಜದ ಬಸದಿಗೆ ಹೋಗಿ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಸೆರಗು ಹೊದ್ದು ನನ್ನನ್ನು ಕರೆದುಕೊಂಡು ಹೊರಟಳು. ಸಿಟಿ ಬಸ್ಸಿನಲ್ಲಿ ವಿಶ್ರಾಮಬಾಗ ದಾಟುವಾಗ, ನೆಲ ಅಗೆದು ಕಬ್ಬಿಣದ ಸರಳು ಎದ್ದು ನಿಂತಿದ್ದ ಒಂದು ಹೊಲ ತೋರಿಸಿ, ಅದು ಯಾರದೆಂದು ಹೇಳಿದಳು. ಅಷ್ಟೇ ಮಾತು. ನಾನು ಹೆದರಿರಲಿಲ್ಲ. ಯಾರೋ ನನಗಾಗಿ ಬಸ್ಸು ಹತ್ತಿದ್ದಾರೆ ಎಂದುಕೊಂಡಿದ್ದೆ.

ಹಾಸ್ಟೆಲಿನ ಗೇಟಿನಲ್ಲಿ ಕಾವಲಿನವನು ತಡೆದ. ಆಯಿ ಮೊಮ್ಮಗನ ಹೆಸರು ಹೇಳಿ, ಮನೆಯಿಂದ ಬಂದಿದ್ದೇವೆ ಎಂದಳು. ಸತ್ತ ಸುದ್ದಿ ಎಂದು ತಿಳಿದನೋ ಏನೋ, ಕಾವಲಿನವನು ಓಡಿದ. ದಾದಾ ಲುಂಗಿಯಲ್ಲಿ, ಬರಿಗಾಲಲ್ಲಿ ಬಂದ. ಅವನ ಹಿಂದೆ ಪುಣೆಯವನು. ಮೇಲಿನ ಮಹಡಿಯ ಕಟ್ಟೆಗಳಿಂದ ಹುಡುಗರು ಬಗ್ಗಿ ನೋಡುತ್ತಿದ್ದರು.

‘ಆಯಿ! ಯಾರಿಗೇನಾತ್ರಿ? ಅಪ್ಪಾ ಆರಾಮದಾನಲ್ಲ?’

‘ತ್ವಾಳ ಎಲ್ಲೈತಿ?’

‘ಏನು?’

‘ತ್ವಾಳೋ. ವ್ರತದ ತ್ವಾಳ. ಅದರ ಕಡಿಂದ ಕೊಲ್ಲಿಸೀದಿ ಅಂತ. ಕಟ್ಟಿ ಹಾಕಿದ ಮನಶ್ಯಾನ್ನ.’

ಮೇಲಿಂದ ಯಾರೋ ‘ಕಾಯ್ ಝಾಲಂ ರೇ?’, ಏನಾಯಿತೋ, ಎಂದು ಕೂಗಿದರು. ‘ಕಾಹೀ ನಾಹೀ’, ಏನಿಲ್ಲ, ಎಂದ ದಾದಾ, ತಲೆ ಎತ್ತದೆ. ಅವನ ಕಿವಿಗಳು ಕೆಂಪಾಗಿದ್ದವು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಮದುವೆಗಳ ಕತೆಯಲ್ಲಿ ಈ ಗೇಟು ಬರುವುದೇ ಇಲ್ಲ.

ಆಯಿ ಮರಾಠಿಯಲ್ಲಿ ಪುಣೆಯವನನ್ನು ಕೇಳಿದಳು, ತೋಳ ತಾನಾಗಿ ಕೊಂದಿತೋ, ಇವನು ಕೊಲ್ಲಿಸಿದನೋ? ಪುಣೆಯವನು ನೆಲ ನೋಡುತ್ತಾ, ಇವನೇ ಹುಕುಮು ಕೊಟ್ಟ, ಇವನೇ ತೋಳವಾಗಿ ಹೌದು ಎಂದ, ಎಂದು ಹೇಳಿದ.

‘ಪರೀಕ್ಷಾ ಮುಗೀಲಿ’ ಎಂದಳು ಆಯಿ ದಾದಾನಿಗೆ. ‘ಮುಗದ ಮ್ಯಾಲ ನಿನಗ ಒಪ್ಪತ್ತು. ಎಷ್ಟ ಅಂತ ನಾ ಹೇಳ್ತೀನಿ.’

‘ಮಾಡ್ತೇನ್ರಿ, ಮಾಡ್ತೇನಿ. ಈಗ ಹೋಗ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.’

ಇಷ್ಟಕ್ಕೆ ಅವಳ ಕೆಲಸ ಮುಗಿಯಿತು. ಅವಳು ತಿರುಗಿದಳು. ನನ್ನ ಕೆಲಸ ಮುಗಿದಿರಲಿಲ್ಲ. ನಾನು ಗೇಟಿನ ಸರಳು ಹಿಡಿದು ಪುಣೆಯವನಿಗೆ ಮರಾಠಿಯಲ್ಲಿ ಹೇಳಿದೆ, ಆ ತೋಳ ನನಗೆ ಬೇಡ, ಈಗ ಅದು ನನ್ನದಲ್ಲ. ನನಗೊಬ್ಬ ಮನುಷ್ಯಳನ್ನು ಕೊಡು. ಮಾತಾಡುವವಳನ್ನು. ಎಲ್ಲರಂತೆ ಖಾಲಿ ಹಾಳೆಯಿಂದ ಶುರು ಮಾಡುತ್ತೇನೆ. ಅವನ ಮುಂದೆ ನಾನು ಪೂರ್ತಿ ವಾಕ್ಯ ಆಡಿದ್ದು ಅದೇ ಮೊದಲು. ಅವನು ಬೆಚ್ಚಿದ. ಇಷ್ಟು ತಿಂಗಳು ಎದುರಿಗೆ ಕುಳಿತವಳಿಗೆ ದನಿ ಇದೆ ಎಂಬುದು ಅವನಿಗೆ ಹೊಸ ಸಂಗತಿಯಾಗಿತ್ತು.

ಅವನು ದಾದಾನ ಕಡೆ ನೋಡಿದ. ದಾದಾ ಕನ್ನಡದಲ್ಲಿ, ‘ಮನೀಗೆ ಹೋಗ’ ಎಂದ.

‘ಇದು ಹುಡುಗರ ಹಾಸ್ಟೆಲು, ನಾನೇನು ಮಾಡಲಿ?’ ಎಂದ ಪುಣೆಯವನು ಮರಾಠಿಯಲ್ಲಿ.

‘ನಮ್ಮ ಕೋಣೆ ಖಾಲಿ ಇದೆ. ಅಲ್ಲಿಗೇ ಬನ್ನಿ’ ಎಂದೆ ನಾನೂ ಮರಾಠಿಯಲ್ಲೇ.

‘ಗಾಜು ಹಾಕಾವ್ರು ಬರ್ತಾರ’ ಎಂದ ದಾದಾ. ‘ಬಾಡಿಗೀಯವ್ರು ಬರ್ತಾರ. ಆಯಿ, ಇಕೀನ್ನ ಕರಕೊಂಡ ಹೋಗ್ರಿ.’

ಪುಣೆಯವನು ಕೈಯಲ್ಲಿ ಝೆರಾಕ್ಸಿನ ಕಟ್ಟು ಹಿಡಿದಿದ್ದ. ಹಿಂಭಾಗ ಖಾಲಿ ಇದ್ದ ಹಾಳೆ ಅದರಲ್ಲಿ ಎಷ್ಟೋ ಇದ್ದವು. ಒಂದು ಎಳೆದು ಕೊಡಬಹುದಿತ್ತು. ತೋಳಕ್ಕೆ ಬುದ್ಧಿಯಿದೆ, ಅದನ್ನು ಕೇಳಬೇಕು ಎಂದು ನಿಯಮ ಹೇಳಿದವನು ಅವನೇ. ಕೊಡಲಿಲ್ಲ. ‘ಬಘೂ ಯಾ’ ಎಂದ, ನೋಡೋಣ ಎಂದು. ನನಗೆ ದಾದಾನಿಗಿಂತ ಅವನ ಮೇಲೆ ಹೆಚ್ಚು ಸಿಟ್ಟು ಬಂತು.

‘ಸಾಕ ನಡಿ’ ಎಂದು ಆಯಿ ನನ್ನ ರಟ್ಟೆ ಹಿಡಿದಳು.

ಸಾಂಗ್ಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಅವಳು, ಪಕ್ಕದಲ್ಲಿ ನಾನು. ಬಸ್ಸು ಹೊರಟ ಮೇಲೆ ಅವಳು ಸಮಾಧಾನದ ದನಿಯಲ್ಲಿ, ಹಬ್ಬದ ಅಡುಗೆ ಮುಗಿಸಿದವಳಂತೆ, ಹೇಳಿದಳು.

‘ಮುಂದ ಆ ಹುಡುಗೂರ ನಡುವ ಕುಂದ್ರಾಕ ಹೋಗಬ್ಯಾಡ. ಗೇಟಿನ್ಯಾಗ ನಿಂತು ಗಂಡಸರ ಕೂಡ ಮಾತಾಡಾಕತ್ತಿ. ನೋಡಿದವ್ರು ಏನಂದಾರು.’

‘ನೀವಽ ಕರಕೊಂಡ ಬಂದ್ರಿ.’

‘ತ್ವಾಳದ ಸಲವಾಗಿ ಬಂದೆ.’

‘ತ್ವಾಳಕ್ಕ ನ್ಯಾಯಾ ಕೇಳಿದ್ರಿ. ನನಗ?’

ಆಯಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದ ಬೆರಗಿತ್ತು.

‘ನೀ ಏನ್ ತ್ವಾಳೇನಽ?’

ಸೋಮವಾರ ಸೋಮವಾರ ನನ್ನ ತಟ್ಟೆ ಎತ್ತಿಟ್ಟಾಗ ತೋಳ ಯಾರಾಗಿದ್ದರು ಎಂದು ಕೇಳಿದೆ. ಕೇಳಿದೆನೋ, ಅಥವಾ ಆಮೇಲೆ ಹೊಳೆದ ಮಾತನ್ನು ಇಷ್ಟು ವರ್ಷಗಳಲ್ಲಿ ಆ ಬಸ್ಸಿಗೆ ಒಯ್ದು ಕೂಡಿಸಿದೆನೋ, ಹೇಳಲಾರೆ. ಕಂಡಕ್ಟರ್ ಬಂದ. ಅವಳು ಇಬ್ಬರಿಗೂ ಸೇರಿಸಿ ಟಿಕೆಟ್ ತೆಗೆಯುತ್ತಿದ್ದಾಗ ನಾನು ಎದ್ದು ಮುಂದೆ ಹೋದೆ. ಖಾಲಿ ಸೀಟುಗಳಿದ್ದವು. ಕೂರಲಿಲ್ಲ. ಡ್ರೈವರನ ಹಿಂದಿನ ಕಂಬ ಹಿಡಿದು, ಅವಳಿಗೆ ಬೆನ್ನು ಮಾಡಿ, ಸಾಂಗ್ಲಿಯ ತನಕ ನಿಂತೇ ಬಂದೆ.